ಯಾವ ಸಾಲ, ಯಾರ ಸಾಲ?

ಸಾವಿನ ಮನೆಗೆ ಹೋದವರಿಗೆ ಮಾತು ಹೊಳೆಯುವುದಿಲ್ಲ. ಹೊಳೆಯದಿದ್ದಾಗ ಬಾಯಿಗೆ ಬರುವುದು ಮೊದಲೇ ಸಿದ್ಧವಾಗಿರುವ ಮಾತು. ನಮ್ಮ ಸೋದರತ್ತೆಯ ಮಗ ಇಪ್ಪತ್ತೇಳನೆಯ ವಯಸ್ಸಿಗೆ ಬೈಕ್ ಅಪಘಾತದಲ್ಲಿ ಹೋದ. ಮೂರನೆಯ ದಿನ ಹಾಲುತುಪ್ಪ ಬಿಟ್ಟು ಬಂದು ಜಗುಲಿಯಲ್ಲಿ ಕೂತಿದ್ದೆವು. ಊರಿನ ಹಿರಿಯರೊಬ್ಬರು ಅತ್ತೆಯ ಎದುರು ಕೂತು, "ಅಳಬೇಡ ಕಣವ್ವ, ಅವನ ಋಣ ಇಷ್ಟೇ ಇತ್ತು, ತೀರಿಸ್ಕೊಂಡು ಹೋದ" ಅಂದರು. ಅಲ್ಲಿಯತನಕ ಗೋಡೆ ನೋಡುತ್ತಿದ್ದ ಅತ್ತೆ ತಲೆಯೆತ್ತಿದರು. "ಯಾವ ಸಾಲ? ಯಾರ ಸಾಲ? ನಂಗೇನೂ ಕೊಡ್ಬೇಕಾಗಿರ್ಲಿಲ್ಲ ಅವ್ನು."

ಪಕ್ಕದಲ್ಲಿದ್ದ ಇನ್ನೊಬ್ಬರು ಪರಿಸ್ಥಿತಿ ಸರಿಮಾಡಲು ಹೋಗಿ, "ಒಳ್ಳೆಯೋರನ್ನ ದೇವರು ಬೇಗ ಕರ್ಕೋತಾನೆ" ಅಂದರು.

"ಹಂಗಾದ್ರೆ ನನ್ನ ಯಾಕೆ ಇಟ್ಟವ್ನೆ? ನಾನು ಕೆಟ್ಟೋಳಾ?"

ಆಮೇಲೆ ಯಾರೂ ಮಾತಾಡಲಿಲ್ಲ. ಒಳಗಿಂದ ಕಾಫಿ ಬಂತು.

ಬಂದವರಿಬ್ಬರೂ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ಆ ಮಾತುಗಳ ಹಿಂದೆ ಸಾವಿರಾರು ವರ್ಷದ ವಾದವಿದೆ ಎನ್ನುವುದು ಅವರಿಗೆ ಗೊತ್ತಿರಲಿಲ್ಲ, ಗೊತ್ತಿರಬೇಕಾಗಿಯೂ ಇರಲಿಲ್ಲ. ದೇವರು ಒಳ್ಳೆಯವನು, ಅವನಿಗೆ ಎಲ್ಲವೂ ಸಾಧ್ಯ ಎನ್ನುವುದಾದರೆ ಲೋಕದಲ್ಲಿ ಇಷ್ಟು ನೋವು ಏಕೆ? ಈ ಪ್ರಶ್ನೆಯನ್ನು ಪಶ್ಚಿಮದವರು ಕೇಳಿದರು, ನಮ್ಮಲ್ಲಿ ಕರ್ಮಸಿದ್ಧಾಂತ ಇದ್ದುದರಿಂದ ಕೇಳಬೇಕಾಗಿಯೇ ಬರಲಿಲ್ಲ ಎಂದು ಹೇಳುವವರುಂಟು. ಅದು ಸರಿಯಲ್ಲ. ನಮ್ಮಲ್ಲೂ ಕೇಳಿದ್ದಾರೆ, ದೇವರನ್ನು ಕಟಕಟೆಯಲ್ಲಿ ನಿಲ್ಲಿಸಿದ ಹಾಗೆ ಕೇಳಿದ್ದಾರೆ.

ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೊದಲ ಪಾದದಲ್ಲಿ ಈ ವಿಚಾರಣೆ ಬರುತ್ತದೆ. ಸೂತ್ರಕಾರ ಬಾದರಾಯಣ ಅಲ್ಲಿ ದೇವರ ಮೇಲಿನ ಎರಡು ಆರೋಪಗಳನ್ನು ಎರಡೇ ಪದದಲ್ಲಿ ಹಿಡಿದಿಡುತ್ತಾನೆ: ವೈಷಮ್ಯ ಮತ್ತು ನೈರ್ಘೃಣ್ಯ. ವೈಷಮ್ಯ ಅಂದರೆ ಪಕ್ಷಪಾತ. ಒಬ್ಬನಿಗೆ ಅರಮನೆ, ಇನ್ನೊಬ್ಬನಿಗೆ ಬೀದಿ. ನೈರ್ಘೃಣ್ಯ ಅಂದರೆ ಕರುಣೆ ಇಲ್ಲದಿರುವುದು. (ಘೃಣೆ ಎಂಬ ಪದಕ್ಕೆ ಹಿಂದಿಯವರು ಅಸಹ್ಯ, ದ್ವೇಷ ಎಂಬ ಅರ್ಥವನ್ನಷ್ಟೇ ಉಳಿಸಿಕೊಂಡರು. ಸಂಸ್ಕೃತದಲ್ಲಿ ಅದಕ್ಕೆ ಕರುಣೆ ಎಂಬ ಅರ್ಥವೂ ಇತ್ತು. ಪದಗಳ ಹಣೆಬರಹವೂ ವಿಚಿತ್ರ.) ಸ್ವಾರಸ್ಯವೆಂದರೆ, ಇದಕ್ಕೆ ಸ್ವಲ್ಪ ಮುಂಚೆಯೇ ಸೃಷ್ಟಿ ಎನ್ನುವುದು ದೇವರ ಲೀಲೆ, ಅವನಿಗೆ ಇದರಿಂದ ಆಗಬೇಕಾದ ಲಾಭ ಏನೂ ಇಲ್ಲ ಎಂದು ಹೇಳಿ ಆಗಿರುತ್ತದೆ. ಆಟಕ್ಕಾಗಿ ಮಾಡಿದ ಲೋಕದಲ್ಲಿ ಇಷ್ಟು ಅಳುವೇಕೆ ಎಂಬ ಮಾತು ಬೆನ್ನಿಗೇ ಬರುವುದು ಸಹಜ.

ಶಂಕರಾಚಾರ್ಯರು ಭಾಷ್ಯದಲ್ಲಿ ಎದುರಾಳಿಯ ವಾದವನ್ನು ಮುಚ್ಚುಮರೆಯಿಲ್ಲದೆ ಇಡುತ್ತಾರೆ. ದೇವತೆಗಳಿಗೆ ಸುಖವೋ ಸುಖ, ಪಶುಗಳಿಗೆ ದುಃಖವೋ ದುಃಖ, ಮನುಷ್ಯರು ನಡುವೆ. ಹೀಗೆ ಮಾಡಿದವನಿಗೂ ರಾಗದ್ವೇಷವುಳ್ಳ ಯಾವನೋ ಮನುಷ್ಯನಿಗೂ ಏನು ವ್ಯತ್ಯಾಸ? ಉತ್ತರಕ್ಕೆ ಅವರು ಕೊಡುವ ಹೋಲಿಕೆ ಮಳೆಯದು. ಮಳೆ ಎಲ್ಲ ಹೊಲಕ್ಕೂ ಒಂದೇ ಸಮ. ಒಂದು ಕಡೆ ಭತ್ತ, ಇನ್ನೊಂದು ಕಡೆ ಜವೆಗೋಧಿ ಬಂದರೆ ಅದು ಬೀಜದ ಗುಣ. ಬೀಜವೆಂದರೆ ಜೀವಿಯ ಕರ್ಮ. ದೇವರು ಅದನ್ನು ನೋಡಿಕೊಂಡು ಕೊಡುತ್ತಾನೆ, ಆದ್ದರಿಂದ ಅವನು ಪಕ್ಷಪಾತಿಯಲ್ಲ, ನಿರ್ದಯಿಯೂ ಅಲ್ಲ.

ಹಾಗಾದರೆ ಮೊಟ್ಟಮೊದಲ ಸೃಷ್ಟಿಯಲ್ಲಿ ಯಾರ ಕರ್ಮವೂ ಇರಲಿಲ್ಲವಲ್ಲ, ಮೊದಲ ವ್ಯತ್ಯಾಸ ಎಲ್ಲಿಂದ ಬಂತು? ಸೂತ್ರಕಾರ ಅದನ್ನೂ ಬಿಟ್ಟಿಲ್ಲ. ಸಂಸಾರಕ್ಕೆ ಮೊದಲು ಎನ್ನುವುದೇ ಇಲ್ಲ, ಅದು ಅನಾದಿ. ಬೀಜದಿಂದ ಮೊಳಕೆ, ಮೊಳಕೆಯಿಂದ ಬೀಜ. ತರ್ಕವಾಗಿ ಇದು ಗಟ್ಟಿ. ಆದರೆ ನನಗೆ ಇಲ್ಲಿ ಯಾವಾಗಲೂ ಒಂದು ಸಣ್ಣ ಇರುಸುಮುರುಸು. ಬಡ್ಡಿ ಲೆಕ್ಕ ಕೇಳಲು ಹೋದವನಿಗೆ ಸಾಹುಕಾರ, ಈ ಖಾತೆಗೆ ಮೊದಲ ಪುಟವೇ ಇಲ್ಲಪ್ಪ ಅಂದರೆ ಹೇಗಾದೀತು? ಲೆಕ್ಕ ತಪ್ಪು ಅಂತ ತೋರಿಸುವುದಕ್ಕೆ ಬರುವುದಿಲ್ಲ, ಸರಿ ಅಂತ ಒಪ್ಪುವುದಕ್ಕೂ ಮನಸ್ಸು ಬರುವುದಿಲ್ಲ.

ಕರ್ಮದ ಈ ಲೆಕ್ಕದ ಬಗ್ಗೆ ಇನ್ನೊಂದು ಇರುಸುಮುರುಸನ್ನು ನಮ್ಮ ನೆಲದಲ್ಲೇ ಒಬ್ಬರು ಪ್ರಶ್ನೆಯಾಗಿ ಎತ್ತಿದರು. ಕಾಗಿಣಾ ನದಿಯ ದಂಡೆಯ ಮಳಖೇಡವನ್ನು ಈಗ ಸಿಮೆಂಟ್ ಕಾರ್ಖಾನೆಯಿಂದ ಗುರುತಿಸುವವರೇ ಹೆಚ್ಚು. ಅದು 9ನೇ ಶತಮಾನದಲ್ಲಿ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಅಲ್ಲಿಯ ದೊರೆ ಅಮೋಘವರ್ಷ ಗುರುವೆಂದು ಗೌರವಿಸಿದ ಜೈನ ಆಚಾರ್ಯ ಜಿನಸೇನರು ಸಂಸ್ಕೃತದಲ್ಲಿ ಆದಿಪುರಾಣ ಬರೆದರು. ಮುಂದೆ ಪಂಪ ಕನ್ನಡದಲ್ಲಿ ಹೇಳಿದ ಕಥೆಗೆ ಇದೇ ಆಧಾರ. ಕಥೆಯ ನಡುವೆ ಜಿನಸೇನರು ಸೃಷ್ಟಿಕರ್ತನನ್ನು ನಂಬುವವರನ್ನು ಹಿಡಿದು ನಿಲ್ಲಿಸಿ ಪ್ರಶ್ನೆ ಕೇಳುತ್ತಾರೆ. ಜೀವಿಗಳ ಮೇಲಿನ ಪ್ರೀತಿಯಿಂದ ಲೋಕ ಮಾಡಿದ್ದಾದರೆ ಅದನ್ನು ಪೂರ್ತಿ ಸುಖವಾಗಿಯೇ ಏಕೆ ಮಾಡಲಿಲ್ಲ? ಆಟಕ್ಕೆ ಮಾಡಿದ್ದಾದರೆ ಅವನು ಮಗುವಿನ ಹಾಗೆ. ಕರ್ಮವನ್ನು ನೋಡಿಕೊಂಡೇ ಮಾಡುತ್ತಾನೆ ಎನ್ನುವುದಾದರೆ ಅವನು ಒಡೆಯನೇ ಅಲ್ಲ, ಇನ್ನೊಂದರ ಅಧೀನದಲ್ಲಿರುವ ನೇಕಾರ. ನೂಲು ಹೇಗಿದೆಯೋ ಹಾಗೆ ಬಟ್ಟೆ.

ಈ ನೇಕಾರನ ಹೋಲಿಕೆ ಬಹಳ ಚೂಪು. ಮಳೆಯ ಹೋಲಿಕೆ ದೇವರನ್ನು ಆರೋಪದಿಂದ ಬಿಡಿಸಿತು, ನಿಜ. ಬಿಡಿಸುವಾಗ ಅವನ ಕೈಯನ್ನೂ ಕಟ್ಟಿಹಾಕಿತು. ಎಲ್ಲವೂ ಬೀಜದಿಂದಲೇ ಆಗುವುದಾದರೆ ಮಳೆಗೆ ಕೈಮುಗಿದು ಏನು ಪ್ರಯೋಜನ ಎಂಬುದು ಜಿನಸೇನರ ಪ್ರಶ್ನೆಯ ತಿರುಳು. ಹಾಗೆಂದು ಜೈನದರ್ಶನದಲ್ಲಿ ಅತ್ತೆಗೆ ಸಮಾಧಾನ ಸಿಗುತ್ತಿತ್ತೆ? ಅದೂ ಇಲ್ಲ. ಅಲ್ಲಿ ದೇವರೆಂಬ ಶಾನುಭೋಗನನ್ನು ತೆಗೆದರು. ಖಾತೆ ಪುಸ್ತಕ ಹಾಗೇ ಉಳಿಯಿತು.

ಶಂಕರರು ಮಠ ಕಟ್ಟಿದರೆಂದು ನಾವು ಹೇಳುವ ಶೃಂಗೇರಿ, ರಾಮಾನುಜರು ಬಂದು ನೆಲೆಸಿದ ಮೇಲುಕೋಟೆ, ಮಧ್ವಾಚಾರ್ಯರ ಉಡುಪಿ, ಮೂರೂ ಕರ್ನಾಟಕದಲ್ಲಿವೆ. ಮೂವರ ಸಿದ್ಧಾಂತ ಬೇರೆ ಬೇರೆಯಾದರೂ ಬಾದರಾಯಣನ ಆ ವೈಷಮ್ಯದ ಸೂತ್ರದ ಹತ್ತಿರ ಬಂದಾಗ ಮೂವರೂ ಕರ್ಮದ ಕಡೆಗೇ ಬೆರಳು ತೋರಿಸುತ್ತಾರೆ. ಮಧ್ವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಜೀವಿಗಳ ಸ್ವಭಾವವೇ ಅನಾದಿಯಾಗಿ ಬೇರೆಬೇರೆ, ಕೆಲವರು ಮುಕ್ತಿಗೆ ಯೋಗ್ಯರು, ಕೆಲವರು ಸಂಸಾರದಲ್ಲೇ ಸುತ್ತುವವರು, ಕೆಲವರು ತಮಸ್ಸಿಗೆ ಯೋಗ್ಯರು; ದೇವರು ಒಳಗಿರುವುದನ್ನು ಹೊರಗೆ ತರುತ್ತಾನೆ ಅಷ್ಟೆ. ಕೇಳಿದವರಿಗೆ ಇದು ಕಠೋರ ಅನ್ನಿಸುತ್ತದೆ. ಆದರೆ ಪ್ರಶ್ನೆಯನ್ನು ಕರ್ಮ ಎನ್ನುವ ಪದದ ಹತ್ತಿರವೇ ನಿಲ್ಲಿಸದೆ ಕೊನೆಯತನಕ ಎಳೆದುಕೊಂಡು ಹೋದ ಪ್ರಾಮಾಣಿಕತೆ ಅದರಲ್ಲಿದೆ. ಶ್ರೀವೈಷ್ಣವರು ಕೃಪೆಯ ದಾರಿ ಹಿಡಿದರು. ಮರಿಕೋತಿ ತಾಯಿಯನ್ನು ಹಿಡಿಯುವ ಹಾಗೆ ಭಕ್ತನೇ ದೇವರನ್ನು ಗಟ್ಟಿಯಾಗಿ ಹಿಡಿಯಬೇಕೋ, ಬೆಕ್ಕು ಮರಿಯನ್ನು ಕಚ್ಚಿಕೊಂಡು ಹೋಗುವ ಹಾಗೆ ದೇವರೇ ಎತ್ತಿಕೊಳ್ಳುತ್ತಾನೋ ಎಂದು ವಡಗಲೆ, ತೆಂಗಲೆ ಅಂತ ಎರಡು ಪಂಗಡವಾಯಿತು. ಕೃಪೆ ಬಂದ ತಕ್ಷಣ ಹಳೆಯ ಪಕ್ಷಪಾತದ ದೂರು ಹಿತ್ತಿಲ ಬಾಗಿಲಿಂದ ವಾಪಸು ಬರುತ್ತದೆ ನೋಡಿ. ಬೆಕ್ಕು ಈ ಮರಿಯನ್ನು ಎತ್ತಿಕೊಂಡು ಆ ಮರಿಯನ್ನು ಏಕೆ ಬಿಟ್ಟಿತು?

ಇದೇ ಗಂಟನ್ನು ಇಸ್ಲಾಮಿನ ಒಂದು ಹಳೆಯ ಕಥೆ ಇನ್ನೂ ಬಿಗಿಯಾಗಿ ಕಟ್ಟುತ್ತದೆ. ಬಸ್ರಾದಲ್ಲಿ ಅಲ್ ಜುಬ್ಬಾಯಿ ಎಂಬ ಗುರು, ದೇವರು ಯಾವಾಗಲೂ ಜೀವಿಗೆ ಒಳ್ಳೆಯದಾಗುವುದನ್ನೇ ಮಾಡುತ್ತಾನೆ ಎಂದು ಕಲಿಸುತ್ತಿದ್ದರು. ಶಿಷ್ಯ ಅಲ್ ಅಶ್ಅರಿ ಒಂದು ಪ್ರಶ್ನೆ ಕೇಳಿದರಂತೆ. ಮೂವರು ಅಣ್ಣತಮ್ಮಂದಿರು. ಒಬ್ಬ ಧರ್ಮಿಷ್ಠನಾಗಿ ಬಾಳಿ ಸತ್ತ, ಒಬ್ಬ ಪಾಪಿಯಾಗಿ ಸತ್ತ, ಒಬ್ಬ ಮಗುವಾಗಿದ್ದಾಗಲೇ ಸತ್ತ. ಅಣ್ಣನಿಗೆ ಸಿಕ್ಕ ಸ್ವರ್ಗದ ಸ್ಥಾನ ನೋಡಿ ಮಗು, ನನ್ನನ್ನೂ ಬದುಕಲು ಬಿಟ್ಟಿದ್ದರೆ ನಾನೂ ಪುಣ್ಯ ಮಾಡುತ್ತಿದ್ದೆನಲ್ಲ ಅಂದಿತು. ನೀನು ದೊಡ್ಡವನಾಗಿದ್ದರೆ ಪಾಪ ಮಾಡುತ್ತಿದ್ದೆ, ಅದಕ್ಕೇ ಮೊದಲೇ ಕರೆದುಕೊಂಡೆ ಎಂದು ದೇವರ ಉತ್ತರ. ಇದನ್ನು ಕೇಳಿ ನರಕದಲ್ಲಿದ್ದವನು ಕೂಗಿದ: ಹಾಗಾದರೆ ನನ್ನನ್ನೂ ಮಗುವಾಗಿದ್ದಾಗಲೇ ಏಕೆ ಕರೆದುಕೊಳ್ಳಲಿಲ್ಲ? ಗುರು ಉತ್ತರ ಕೊಡಲಿಲ್ಲ, ಶಿಷ್ಯ ಗುರುವನ್ನು ಬಿಟ್ಟು ಬೇರೆ ದಾರಿ ಹಿಡಿದ ಎಂದು ಕಥೆ. ನಡೆದದ್ದೋ ಕಟ್ಟಿದ್ದೋ, "ಒಳ್ಳೆಯೋರನ್ನ ದೇವರು ಬೇಗ ಕರ್ಕೋತಾನೆ" ಎಂಬ ಮಾತಿಗೆ ನಮ್ಮತ್ತೆ ಕೊಟ್ಟ ಉತ್ತರಕ್ಕೂ ಇದಕ್ಕೂ ದೂರವಿಲ್ಲ.

ಯುರೋಪಿನಲ್ಲಿ 1710ರಲ್ಲಿ ಲೈಬ್ನಿಟ್ಸ್ ಎಂಬ ಗಣಿತಜ್ಞ ದೇವರ ಪರವಾಗಿ ಒಂದು ಪುಸ್ತಕ ಬರೆದ. ದೇವರನ್ನು ನಿರ್ದೋಷಿ ಎಂದು ಸಾಧಿಸುವ ಈ ಬಗೆಯ ವಾದಕ್ಕೆ ಥಿಯೋಡಿಸಿ ಎಂಬ ಹೆಸರು ಕೊಟ್ಟವನೂ ಅವನೇ. ಸಾಧ್ಯವಿದ್ದ ಲೋಕಗಳಲ್ಲೆಲ್ಲ ಒಳ್ಳೆಯ ಲೋಕವನ್ನೇ ದೇವರು ಆರಿಸಿದ್ದಾನೆ ಎಂದು ಅವನ ನಿಲುವು. 1755ರ ನವೆಂಬರ್ 1ರ ಬೆಳಿಗ್ಗೆ ಪೋರ್ಚುಗಲ್ಲಿನ ಲಿಸ್ಬನ್ ನಡುಗಿತು. ಅಂದು ಸಕಲ ಸಂತರ ಹಬ್ಬ, ಜನ ಚರ್ಚುಗಳಲ್ಲಿ ತುಂಬಿದ್ದರು. ಕಂಪನದ ಹಿಂದೆ ಸಮುದ್ರ ಉಕ್ಕಿತು, ಅದರ ಜೊತೆಗೆ ಬೆಂಕಿ. ವೋಲ್ತೇರ್ ಆ ಒಳ್ಳೆಯ ಲೋಕದ ಮಾತನ್ನು ಮೊದಲು ಕವಿತೆಯಲ್ಲಿ, 1759ರಲ್ಲಿ ಕ್ಯಾಂಡಿಡ್ ಕಾದಂಬರಿಯಲ್ಲಿ ಗೇಲಿ ಮಾಡಿದ. ಎಲ್ಲರೂ ವೋಲ್ತೇರನನ್ನು ನೆನೆಯುತ್ತಾರೆ. ನನಗೆ ಹೆಚ್ಚು ಹಿಡಿಸುವುದು 1756ರಲ್ಲಿ ರೂಸೋ ಅವನಿಗೆ ಬರೆದ ಕಾಗದ. ಆರು ಏಳು ಅಂತಸ್ತಿನ ಮನೆಗಳನ್ನು ಒತ್ತೊತ್ತಾಗಿ ಕಟ್ಟಿದ್ದು ಪ್ರಕೃತಿಯೇನಲ್ಲವಲ್ಲ ಎಂದು ಅವನು ನೆನಪಿಸಿದ. 2018ರ ಆಗಸ್ಟಿನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರಿದಾಗಲೂ ಮಳೆ ದೇವರದ್ದಾಗಿರಬಹುದು, ರಸ್ತೆಗೆ, ಮನೆಗೆ, ತೋಟಕ್ಕೆ ಇಳಿಜಾರು ಕಡಿದದ್ದು ಮನುಷ್ಯರೇ.

ಆದರೆ ಮನುಷ್ಯರ ತಪ್ಪು ಎನ್ನುವ ವಾದಕ್ಕೂ ಒಂದು ಅಪಾಯವಿದೆ. ತಪ್ಪು ಮಾಡಿದವರು ಒಬ್ಬರು, ಸತ್ತವರು ಇನ್ನೊಬ್ಬರು ಆಗಿರುತ್ತಾರೆ. ಇದನ್ನು ನಮ್ಮ ದೇಶದಲ್ಲಿ ಎಲ್ಲರಿಗಿಂತ ಸ್ಪಷ್ಟವಾಗಿ ಹೇಳಿದವರು ರವೀಂದ್ರನಾಥ ಟ್ಯಾಗೋರ್, ಹೇಳಿದ್ದು ಗಾಂಧೀಜಿಗೆ. 1934ರ ಜನವರಿ 15ರ ಮಧ್ಯಾಹ್ನ ಬಿಹಾರ ಮತ್ತು ನೇಪಾಳದಲ್ಲಿ ಭೂಕಂಪವಾಯಿತು. ಮುಂಗೇರ್, ಮುಜಫರ್‌ಪುರ ನೆಲಸಮವಾದವು, ಹತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು. ಗಾಂಧೀಜಿ ಆಗ ಅಸ್ಪೃಶ್ಯತೆಯ ವಿರುದ್ಧ ದಕ್ಷಿಣದಲ್ಲಿ ಪ್ರವಾಸ ಮಾಡುತ್ತಿದ್ದರು. ಅದೇ ಪ್ರವಾಸದಲ್ಲಿ ಕೊಡಗು, ಮಂಗಳೂರಿಗೂ ಬಂದರು. ತಮಿಳುನಾಡಿನ ಸಭೆಯಲ್ಲಿ ಅವರು, ಈ ಭೂಕಂಪ ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಎಂದರು.

ಟ್ಯಾಗೋರರು ಅಸ್ಪೃಶ್ಯತೆಯ ವಿಷಯದಲ್ಲಿ ಗಾಂಧೀಜಿಯ ಕಡೆಯವರೇ. ಆದರೂ ಸುಮ್ಮನಿರಲಾಗಲಿಲ್ಲ. ಸತ್ತವರಲ್ಲಿ ಹಸುಗೂಸುಗಳಿದ್ದವು, ಯಾರಿಗೆ ಅನ್ಯಾಯವಾಗಿದೆಯೋ ಆ ಅಸ್ಪೃಶ್ಯರೇ ಇದ್ದರು. ಪಾಪ ಮಾಡಿದವರು ದೇಶದ ಬೇರೆ ಮೂಲೆಗಳಲ್ಲಿ ಹಾಯಾಗಿದ್ದರು. ಇದು ಎಂಥ ನ್ಯಾಯ? ಭೌತಿಕ ಘಟನೆಗೆ ಭೌತಿಕ ಕಾರಣವೇ ಇರುತ್ತದೆ ಎಂದು ಅವರು ಬರೆದರು. ಇಂಥ ತರ್ಕವನ್ನು ಗಾಂಧೀಜಿಯ ವಿರೋಧಿಗಳೂ ಹಿಡಿದುಕೊಳ್ಳಬಹುದು, ಭೂಕಂಪಕ್ಕೆ ಗಾಂಧಿಯೇ ಕಾರಣ ಎನ್ನಬಹುದು ಎಂದೂ ಎಚ್ಚರಿಸಿದರು. ಗಾಂಧೀಜಿ ಆ ಟೀಕೆಯನ್ನು 1934ರ ಫೆಬ್ರವರಿ 16ರ ಹರಿಜನ ಪತ್ರಿಕೆಯಲ್ಲಿ ತಾವೇ ಅಚ್ಚು ಹಾಕಿಸಿ, ಪಕ್ಕದಲ್ಲಿ ತಮ್ಮ ಉತ್ತರ ಕೊಟ್ಟರು. ನಂಬಿಕೆಯನ್ನು ಹಿಂತೆಗೆದುಕೊಳ್ಳಲಿಲ್ಲ. ಈ ವಾದದಲ್ಲಿ ನಾನು ಟ್ಯಾಗೋರರ ಕಡೆ. ಎದುರು ಮಾತನ್ನು ತನ್ನ ಪತ್ರಿಕೆಯಲ್ಲೇ ಹಾಕಿದ್ದಕ್ಕೆ ಗಾಂಧೀಜಿಗೂ ಒಂದು ನಮಸ್ಕಾರ. 2018ರ ಕೇರಳದ ಪ್ರವಾಹವನ್ನು ಶಬರಿಮಲೆಗೆ ಮಹಿಳೆಯರ ಪ್ರವೇಶದ ಪ್ರಶ್ನೆಗೆ ಗಂಟು ಹಾಕಿದವರಿದ್ದರು. ಟ್ಯಾಗೋರರು ಹೆದರಿದ್ದು ಇದಕ್ಕೇ. ದೇವರ ಶಿಕ್ಷೆ ಎನ್ನುವ ದೊಣ್ಣೆ ಯಾರ ಕೈಗಾದರೂ ಸಿಗುತ್ತದೆ.

ಈಚಿನ ದಾರ್ಶನಿಕರ ಮೆಚ್ಚಿನ ಉತ್ತರ ಸ್ವಾತಂತ್ರ್ಯದ್ದು. ಆಲ್ವಿನ್ ಪ್ಲಾಂಟಿಂಗಾ 1970ರ ದಶಕದಲ್ಲಿ ಇದನ್ನು ಬಿಗಿಯಾಗಿ ಕಟ್ಟಿದರು. ಒಳ್ಳೆಯದನ್ನು ಆರಿಸುವ ಸ್ವಾತಂತ್ರ್ಯ ಕೊಡಬೇಕಾದರೆ ಕೆಟ್ಟದ್ದನ್ನು ಆರಿಸುವ ಅವಕಾಶವನ್ನೂ ಬಿಡಲೇಬೇಕಾಗಬಹುದು, ಸರ್ವಶಕ್ತನೂ ಅದನ್ನು ತಪ್ಪಿಸಲಾರ. ಕೊಲೆ, ಸುಲಿಗೆ, ಯುದ್ಧಗಳ ಮಟ್ಟಿಗೆ ಇದು ನಿಲ್ಲುತ್ತದೆ. ಆದರೆ ವಿಲಿಯಂ ರೋ ಎಂಬ ಇನ್ನೊಬ್ಬ ದಾರ್ಶನಿಕ 1979ರಲ್ಲಿ ಒಂದು ಜಿಂಕೆಮರಿಯನ್ನು ತಂದು ನಿಲ್ಲಿಸಿದ. ದೂರದ ಕಾಡಿನಲ್ಲಿ ಸಿಡಿಲಿಗೆ ಬೆಂಕಿ ಬಿದ್ದು ಒಂದು ಮರಿ ಸುಟ್ಟುಕೊಂಡು, ದಿನಗಟ್ಟಲೆ ನರಳಿ ಸಾಯುತ್ತದೆ. ಯಾರೂ ನೋಡಲಿಲ್ಲ, ಯಾರಿಗೂ ಪಾಠವಾಗಲಿಲ್ಲ. ಯಾರ ಸ್ವಾತಂತ್ರ್ಯಕ್ಕಾಗಿ ಇದು? 2019ರ ಫೆಬ್ರವರಿಯಲ್ಲಿ ಬಂಡೀಪುರ ಹತ್ತಿ ಉರಿದಾಗ ನನಗೆ ಈ ಮರಿ ನೆನಪಾಗಿತ್ತು. ಪೂರ್ವಜನ್ಮದ ಲೆಕ್ಕ ಗೊತ್ತಿರುವವರು ಜಿಂಕೆಗೂ ಒಂದು ಖಾತೆ ತೆರೆದಾರು. ನನಗೆ ಆ ಧೈರ್ಯವಿಲ್ಲ.

ಉಳಿದದ್ದು, ಅವನ ಇಚ್ಛೆ ನಮಗೆ ತಿಳಿಯದು ಎನ್ನುವ ಉತ್ತರ. ವಿನಯದ ಮಾತು, ಒಪ್ಪೋಣ. ಆದರೆ ಅವನ ಕಾರಣಗಳು ನಮಗೆ ತಿಳಿಯವು ಎಂದಾದಮೇಲೆ ಅವು ಒಳ್ಳೆಯ ಕಾರಣಗಳೇ ಎನ್ನುವುದು ಹೇಗೆ ತಿಳಿಯಿತು?

ಇಷ್ಟೆಲ್ಲ ಹೇಳಿದಮೇಲೆ ಒಂದು ಸಂಗತಿಯನ್ನು ಗಮನಿಸಬೇಕು. ಈ ತೊಡಕು ಹುಟ್ಟುವುದು ದೇವರು ಪೂರ್ತಿ ಒಳ್ಳೆಯವನು ಎಂದು ಹಟ ಹಿಡಿದವರಿಗೆ. ನಮ್ಮ ಹಳ್ಳಿಯ ಮಾರಮ್ಮನಿಗೆ ಆ ಹಟವಿಲ್ಲ. ಸಿಡುಬು ಬಂದರೆ "ಅಮ್ಮ ಆಗಿದೆ" ಎನ್ನುತ್ತಿದ್ದರು. ಕಾಯಿಲೆಯೂ ಅವಳೇ, ವಾಸಿ ಮಾಡುವವಳೂ ಅವಳೇ. ಬೇವಿನ ಸೊಪ್ಪು, ಮೊಸರನ್ನ, ತಂಪು ಮಾಡುವುದು, ಅಷ್ಟೆ. ಅವಳನ್ನು ಯಾರೂ ನ್ಯಾಯಾಲಯಕ್ಕೆ ಕರೆಯಲಿಲ್ಲ, ಏಕೆಂದರೆ ಅವಳು ನಿರಪರಾಧಿ ಅಂತ ಯಾರೂ ಹೇಳಿಯೇ ಇರಲಿಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಸರ್ಕಾರ ಊರು ಬಿಡುಬೀಸಾಗಿ ಇರಲೆಂದು ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳನ್ನು ಬೆಳೆಸಿತು, ಜನ ಪ್ಲೇಗಮ್ಮನಿಗೆ ಗುಡಿ ಕಟ್ಟಿದರು. ಎರಡೂ ಉಳಿದಿವೆ. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಿಡುಬು ಲೋಕದಿಂದಲೇ ಹೋಯಿತೆಂದು ಸಾರಿತು. ಮಾರಮ್ಮನ ಒಂದು ಕೆಲಸ ಕಡಿಮೆಯಾಯಿತು, ಜಾತ್ರೆ ನಿಲ್ಲಲಿಲ್ಲ.

ಒಳ್ಳೆಯ ದೇವರನ್ನು ನಂಬಿದವರಲ್ಲೂ ಜಗಳಕ್ಕೆ ಜಾಗವಿತ್ತು. ಹರಿದಾಸರ ನಿಂದಾಸ್ತುತಿ ಎನ್ನುವುದು ಹೆಸರೇ ಹೇಳುವ ಹಾಗೆ ಬೈದು ಹೊಗಳುವುದು. ನಮ್ಮ ಭಜನೆ ಮಂಡಳಿಗಳು ಅದನ್ನು ಈಗ ಎಷ್ಟು ನಯವಾಗಿ ಹಾಡುತ್ತವೆ ಎಂದರೆ ಒಳಗಿನ ಬೈಗುಳ ಯಾರ ಕಿವಿಗೂ ಬೀಳುವುದಿಲ್ಲ. ಮಳೆ ಬಾರದಿದ್ದರೆ ಗರ್ಭಗುಡಿಗೆ ನೀರು ತುಂಬಿಸಿ ಲಿಂಗವನ್ನು ಮುಳುಗಿಸುವ ಊರುಗಳುಂಟು. ಶಂಕರರ ಮಳೆ ಎಲ್ಲರಿಗೂ ಸಮನಾಗಿ ಸುರಿಯುತ್ತಿತ್ತು. ಇವರ ಮಳೆ ಬಂದೇ ಇರುವುದಿಲ್ಲ, ಅದಕ್ಕೆ ದೇವರ ಮೂಗಿಗೆ ನೀರು.

ಬೈಬಲಿನ ಯೋಬನ ಕಥೆಯಲ್ಲಿ ಇಂಥ ಜಗಳಕ್ಕೂ ಅತ್ತೆಯ ಜಗುಲಿಗೂ ಹತ್ತಿರದ ಒಂದು ಸನ್ನಿವೇಶವಿದೆ. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡು ಬೂದಿಯಲ್ಲಿ ಕೂತವನನ್ನು ನೋಡಲು ಮೂವರು ಗೆಳೆಯರು ಬರುತ್ತಾರೆ. ಏಳು ದಿನ, ಏಳು ರಾತ್ರಿ ನೆಲದ ಮೇಲೆ ಅವನ ಜೊತೆ ಮಾತಿಲ್ಲದೆ ಕೂರುತ್ತಾರೆ. ಆಮೇಲೆ ಬಾಯಿ ಬಿಡುತ್ತಾರೆ: ನೀನು ಏನೋ ಪಾಪ ಮಾಡಿರಬೇಕು, ದೇವರು ಸುಮ್ಮಸುಮ್ಮನೆ ಶಿಕ್ಷಿಸುವವನಲ್ಲ. ಯೋಬ ಒಪ್ಪುವುದಿಲ್ಲ, ದೇವರನ್ನೇ ವಾದಕ್ಕೆ ಕರೆಯುತ್ತಾನೆ. ಕೊನೆಗೆ ದೇವರು ಬರುತ್ತಾನೆ. ಯೋಬನ ಪ್ರಶ್ನೆಗೆ ನೇರ ಉತ್ತರ ಕೊಡುವುದಿಲ್ಲ. ಆದರೆ ಕೋಪ ಮಾಡಿಕೊಳ್ಳುವುದು ತನ್ನ ಪರ ವಾದಿಸಿದ ಆ ಗೆಳೆಯರ ಮೇಲೆ. ನನ್ನ ವಿಷಯದಲ್ಲಿ ನೀವು ಯೋಬನ ಹಾಗೆ ಸರಿಯಾದದ್ದನ್ನು ಹೇಳಲಿಲ್ಲ ಎನ್ನುತ್ತಾನೆ.

ಸೂತ್ರ, ಭಾಷ್ಯಗಳನ್ನು ನಾನು ಹಗುರ ಮಾಡುತ್ತಿಲ್ಲ. ಅವನ್ನು ಬರೆದವರು ಪಾಠಶಾಲೆಯಲ್ಲಿ ಕೂತು, ಸಮಬಲದ ಎದುರಾಳಿಗೆ ಉತ್ತರ ಕೊಟ್ಟವರು. ಲೋಕಕ್ಕೆ ಒಂದು ನಿಯಮ ಇದೆಯೇ ಎನ್ನುವುದು ಅವರ ಪ್ರಶ್ನೆ. ಮೂರನೆಯ ದಿನ ಗೋಡೆ ನೋಡುತ್ತಾ ಕೂತವರು ಏಕೆ ಎಂದಾಗ ನಿಯಮ ಕೇಳುತ್ತಿರುವುದಿಲ್ಲ. ಅಲ್ಲಿಯ ಉತ್ತರವನ್ನು ಇಲ್ಲಿಗೆ ಹೊತ್ತು ತಂದಾಗ ದೇವರೇನೋ ಬಚಾವಾಗುತ್ತಾನೆ, ಸಾಲ ಮಾತ್ರ ಸತ್ತವನ ಹೆಸರಿಗೆ ಬೀಳುತ್ತದೆ.

ಆರು ತಿಂಗಳಾದಮೇಲೆ ಅತ್ತೆಯ ಮನೆಗೆ ಹೋಗಿದ್ದೆ. ಮುಸ್ಸಂಜೆ. ದೇವರ ಗೂಡಿನ ಮುಂದೆ ನಿಂತು ಬತ್ತಿ ಹೊಸೆದು, ಎಣ್ಣೆ ಹಾಕಿ ದೀಪ ಹಚ್ಚಿದರು. ಕೈ ಮುಗಿಯಲಿಲ್ಲ. ತಿರುಗಿ ಅಡುಗೆಮನೆಗೆ ಹೊರಟರು.

"ಯಾಕತ್ತೆ, ಕೈ ಮುಗೀಲಿಲ್ಲ?" ಅಂದೆ. ಕೇಳಬಾರದಿತ್ತೇನೋ.

"ಹೊತ್ತು ಮುಳುಗಿದ ಮೇಲೆ ಮನೆ ಕತ್ತಲೆ ಇರಬಾರ್ದು, ಅದಕ್ಕೆ ದೀಪ" ಅಂದರು. ಎಣ್ಣೆಗೈಯನ್ನು ಸೆರಗಿಗೆ ಒರೆಸಿಕೊಂಡರು. "ಅವ್ನ ಜೊತೆ ನಾನಿನ್ನೂ ಮಾತು ಬಿಟ್ಟಿದೀನಿ ಕಣೋ."